ಕೈಲಾಸದ ಹಾದಿಯಲ್ಲಿ ನಿಂತ ಹೆಜ್ಜೆ: ಹೆಸರಘಟ್ಟದ ಪ್ರೊತಿಮಾ

1998ರ ಆಗಸ್ಟ್ ತಿಂಗಳು. ಕೈಲಾಸ-ಮಾನಸ ಸರೋವರಕ್ಕೆ ಹೊರಟಿದ್ದ ಯಾತ್ರಿಕರ ತಂಡವೊಂದು ಕಾಳಿ ನದಿಯ ದಂಡೆಯ ಮಾಲ್ಪಾದಲ್ಲಿ ರಾತ್ರಿ ತಂಗಿತ್ತು. ಮುಂದೆ ಬುಧಿ, ಗುಂಜಿ, ಕಾಲಾಪಾನಿ. ಅನಂತರ ಸುಮಾರು 17 ಸಾವಿರ ಅಡಿ ಎತ್ತರದ ಲಿಪುಲೇಖ್ ಕಣಿವೆಯನ್ನು ದಾಟಿದರೆ ಟಿಬೆಟ್. 18ರ ನಸುಕಿನಲ್ಲಿ ಗುಡ್ಡ ಕುಸಿದು ಮಾಲ್ಪಾವೇ ಮಣ್ಣಿನಡಿ ಸೇರಿತು. ಸುಮಾರು 60 ಯಾತ್ರಿಕರೂ ಸೇರಿದಂತೆ 200ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಅವರಲ್ಲೊಬ್ಬರು.

1948ರಲ್ಲಿ ದೆಹಲಿಯಲ್ಲಿ ಜನಿಸಿದ ಪ್ರೊತಿಮಾ ಅವರ ತಂದೆ ಹರಿಯಾಣ ಮೂಲದ ವ್ಯಾಪಾರಿ, ತಾಯಿ ಬಂಗಾಳಿ. ಮುಂಬೈಯಲ್ಲಿ ರೂಪದರ್ಶಿಯಾಗಿ ಹೆಸರು ಮಾಡಿದ ಅವರು 1969ರಲ್ಲಿ ನಟ ಕಬೀರ್ ಬೇಡಿ ಅವರನ್ನು ವರಿಸಿದರು. ಪೂಜಾ ಮತ್ತು ಸಿದ್ಧಾರ್ಥ ಈ ದಂಪತಿಯ ಮಕ್ಕಳು. ಕಟ್ಟುಪಾಡುಗಳನ್ನು ಲೆಕ್ಕಿಸದ ಅವರ ಜೀವನಶೈಲಿ ಎಪ್ಪತ್ತರ ದಶಕದ ಪತ್ರಿಕೆಗಳಿಗೆ ನಿತ್ಯದ ಸುದ್ದಿಯಾಗಿತ್ತು.

1975ರಲ್ಲಿ ಆಕಸ್ಮಿಕವಾಗಿ ಕಂಡ ಒಡಿಸ್ಸಿ ಪ್ರದರ್ಶನವೊಂದು ಈ ಬದುಕಿನ ದಿಕ್ಕನ್ನೇ ಬದಲಿಸಿತು. ಬಾಲ್ಯದಲ್ಲೇ ಆರಂಭಿಸಬೇಕಾದ ಕಲೆಯನ್ನು ಅವರು ಆರಂಭಿಸಿದ್ದು 26ನೇ ವಯಸ್ಸಿನಲ್ಲಿ. ಗುರು ಕೇಳುಚರಣ್ ಮಹಾಪಾತ್ರ ಅವರ ಬಳಿ ಕಟಕ್‌ನಲ್ಲಿ ದಿನಕ್ಕೆ 12ರಿಂದ 14 ಗಂಟೆ ಅಭ್ಯಾಸ ಮಾಡಿ, ಆ ಕೊರತೆಯನ್ನು ತುಂಬಿಕೊಂಡರು. ಚೆನ್ನೈನ ಕಲಾನಿಧಿ ನಾರಾಯಣನ್ ಅವರಲ್ಲಿ ಅಭಿನಯವನ್ನು ಕಲಿತರು.

ಗುರುವಿನ ಮನೆಯಲ್ಲಿ ಪಡೆದ ಆ ಶಿಸ್ತು ಇತರರಿಗೂ ದೊರೆಯಬೇಕೆಂಬ ಹಂಬಲವೇ ನೃತ್ಯಗ್ರಾಮದ ಮೂಲ. ರಾಜ್ಯ ಸರಕಾರ ಹೆಸರಘಟ್ಟದಲ್ಲಿ ಗುತ್ತಿಗೆಗೆ ನೀಡಿದ 10 ಎಕರೆ ಭೂಮಿಯಲ್ಲಿ, ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ಸ್ಥಳೀಯ ಕಲ್ಲು, ಮಣ್ಣು ಬಳಸಿ ಗುರುಕುಲವನ್ನು ರೂಪಿಸಿದರು. 1990ರ ಮೇ 11ರಂದು ಅಂದಿನ ಪ್ರಧಾನಿ ವಿ.ಪಿ. ಸಿಂಗ್ ಅದನ್ನು ಉದ್ಘಾಟಿಸಿದರು. ಹಲವು ಶಾಸ್ತ್ರೀಯ ನೃತ್ಯ ಪ್ರಕಾರಗಳಿಗೆ ಇಲ್ಲಿ ಗುರುಕುಲಗಳಿರಬೇಕೆಂಬುದು ಅವರ ಯೋಜನೆಯಾಗಿತ್ತು; ಕೊನೆಗೆ ಗಟ್ಟಿಯಾಗಿ ನೆಲೆನಿಂತದ್ದು ಒಡಿಸ್ಸಿ. ಇರುಳಿಡೀ ನಡೆಯುತ್ತಿದ್ದ ವಸಂತಹಬ್ಬ ಬೆಂಗಳೂರಿನ ಸಾವಿರಾರು ಮಂದಿಯನ್ನು ಈ ಹಳ್ಳಿಗೆ ಕರೆತಂದಿತು.

1997ರ ಜುಲೈನಲ್ಲಿ ಪುತ್ರ ಸಿದ್ಧಾರ್ಥ ಅಮೆರಿಕದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದರು. ತಾಯಿಯ ಜೀವನ ಮತ್ತೊಮ್ಮೆ ತಿರುವು ಪಡೆಯಿತು. ನೃತ್ಯಗ್ರಾಮದ ಹೊಣೆಯನ್ನು ಶಿಷ್ಯೆ ಸುರೂಪಾ ಸೇನ್ ಅವರಿಗೆ ಒಪ್ಪಿಸಿ, ತಲೆ ಬೋಳಿಸಿಕೊಂಡು, ಪ್ರೊತಿಮಾ ಗೌರಿ ಎಂಬ ಹೆಸರಿನಲ್ಲಿ ಹಿಮಾಲಯದತ್ತ ಹೊರಟರು. ತಾವು ಕಟ್ಟಿದ್ದನ್ನು ಏರುಗತಿಯಲ್ಲಿರುವಾಗಲೇ ಬಿಟ್ಟುಕೊಟ್ಟು ನಡೆಯುವುದು ಸಂಸ್ಥಾಪಕರಲ್ಲಿ ಅಪರೂಪ. ಮರುವರ್ಷವೇ ಮಾಲ್ಪಾ ದುರಂತ ಸಂಭವಿಸಿತು. ಆಗ ಅವರಿಗೆ ಐವತ್ತು ವರ್ಷ ತುಂಬಲು ಎರಡು ತಿಂಗಳಷ್ಟೇ ಉಳಿದಿತ್ತು.

ಅವರ ಆತ್ಮಕಥನ 'ಟೈಂಪಾಸ್' ಮಗಳು ಪೂಜಾ ಅವರ ಪ್ರಯತ್ನದಿಂದ ಮರಣಾನಂತರ ಪ್ರಕಟವಾಯಿತು. ವಸಂತಹಬ್ಬ ಮುಂದೆ ಕೆಲವು ವರ್ಷ ನಡೆದು ನಿಂತುಹೋಯಿತು. ಆದರೆ ಗುರುಕುಲ ನಿಲ್ಲಲಿಲ್ಲ. ಸುರೂಪಾ ಸೇನ್ ಅವರ ನೃತ್ಯ ಸಂಯೋಜನೆಗಳೊಂದಿಗೆ ತಂಡವು ನ್ಯೂಯಾರ್ಕ್ ಸೇರಿದಂತೆ ಹಲವು ದೇಶಗಳ ರಂಗಮಂದಿರಗಳಲ್ಲಿ ಹೆಸರಘಟ್ಟದ ಹೆಸರನ್ನು ಬೆಳಗಿಸಿತು. ಸುತ್ತಲ ಹಳ್ಳಿಗಳ ಮಕ್ಕಳೂ ಇಲ್ಲಿ ಹೆಜ್ಜೆ ಕಲಿತರು. ಹೊರಡುವ ಮುನ್ನವೇ ಹೊಣೆ ಕೈಬದಲಾಗಿದ್ದರಿಂದ, ಕಟ್ಟಿದವರು ಹಿಂದಿರುಗದಿದ್ದರೂ ಮನೆ ಅನಾಥವಾಗಲಿಲ್ಲ.