ಮಲಗಿದ್ದ ಹುಲಿಗೆ ಗುಂಡು: ಕಾರ್ಬೆಟ್‌ಗೆ ಉಳಿದ ಕೊರಗು

ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ರೈಲ್ವೆ ಕೆಲಸದಲ್ಲಿದ್ದ ಅವರು 1907ರಲ್ಲಿ, 436 ಜನರನ್ನು ಕೊಂದಿತ್ತು ಎನ್ನಲಾದ ಚಂಪಾವತ್‌ನ ಹೆಣ್ಣು ಹುಲಿಯನ್ನು ಹೊಡೆದು ಹೆಸರಾದರು. ಕುಮಾವೂನಿನ ಕಾಡಲ್ಲಿ ಹೆಚ್ಚಾಗಿ ಒಬ್ಬರೇ, ಕಾಲ್ನಡಿಗೆಯಲ್ಲೇ ಜಾಡು ಹಿಡಿದು ಹೋಗ್ತಿದ್ದರು.

ಪ್ರಾಣಿಗೂ ತಪ್ಪಿಸಿಕೊಳ್ಳೋಕೆ ಒಂದು ಅವಕಾಶ ಇರಬೇಕು ಅನ್ನೋದು ಬೇಟೆಯ ಧರ್ಮ. ಮೋಹಾನ್‌ನಲ್ಲಿ ಅದನ್ನು ಮುರೀಬೇಕಾಯ್ತು. ಹುಡುಕಿಕೊಂಡು ಹೋದ ನರಭಕ್ಷಕ ಹುಲಿ ನಿದ್ದೆಯಲ್ಲಿತ್ತು. ಎಬ್ಬಿಸಿ, ಅದು ತಪ್ಪಿಸಿಕೊಂಡರೆ ಇನ್ನೆಷ್ಟು ಜನ ಸಾಯಬೇಕೋ! ಮಲಗಿದ್ದಲ್ಲೇ ಗುಂಡು ಹೊಡೆದರು.

ಆ ಬೇಸರವನ್ನು ಕಾರ್ಬೆಟ್ ಮುಚ್ಚಿಡಲಿಲ್ಲ. ಕುಮಾವೂನಿನ ನರಭಕ್ಷಕಗಳ ಬಗ್ಗೆ 1944ರಲ್ಲಿ ಬಂದ ಪುಸ್ತಕದಲ್ಲಿ ತಾವೇ ಬರೆದುಕೊಂಡರು. ಆಮೇಲೆ ಕೀನ್ಯಾದಲ್ಲಿ ನೆಲೆಸಿ, 1955ರಲ್ಲಿ ಅಲ್ಲೇ ತೀರಿಕೊಂಡರು. ಉತ್ತರಾಖಂಡದಲ್ಲಿ ಇವತ್ತು ಅವರ ಹೆಸರಿರೋದು ಹುಲಿಗಳನ್ನು ಕಾಯೋ ಕಾಡಿಗೆ.