ಸಾಧನೆಗೊಲಿದ ವಿದ್ಯೆ

ವಿದ್ಯೆಯು ಹುಟ್ಟಿನಿಂದಲೇ ಕೆಲವರಿಗೆ ಒಲಿದಿರುವುದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಅನೇಕರಿಗುಂಟು. ವಚನಪಿತಾಮಹರೆನಿಸಿದ ಡಾ. ಫ. ಗು. ಹಳಕಟ್ಟಿಯವರ ಜೀವಿತವು ಈ ಭಾವನೆಯನ್ನು ಅಲ್ಲಗಳೆಯುತ್ತದೆ.

1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಕಾಯಿದೆಯನ್ನೋದಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಓಲೆಗರಿಯ ಹಳೆಯ ಬರೆಹವನ್ನೋದಿ ಶುದ್ಧಪಾಠವನ್ನು ನಿರ್ಣಯಿಸುವುದು ಅವರು ಕಲಿತುಬಂದ ವಿದ್ಯೆಯಲ್ಲ. ಆದರೆ ಶರಣರ ವಚನಗಳನ್ನೊಳಗೊಂಡ ಕಟ್ಟುಗಳು ಓದುವವರಿಲ್ಲದೆ ಹಾಳಾಗುತ್ತಿದ್ದುದು ಅವರ ಮನಸ್ಸನ್ನು ಕಲಕಿತು. ತನಗೆ ಬಾರದೆಂದು ಅವರು ಕೈಕಟ್ಟಿ ಕೂಡಲಿಲ್ಲ. ಇನ್ನೂ ಬಂದಿಲ್ಲವೆಂದು ಬಗೆದು ಅಭ್ಯಾಸಕ್ಕೆ ತೊಡಗಿದರು. ಊರೂರು ಅಲೆದು ಕಟ್ಟುಗಳನ್ನು ಕೂಡಿಸಿದರು. ಒಂದು ಪ್ರತಿಯಲ್ಲಿ ಅಸ್ಪಷ್ಟವಾದುದನ್ನು ಮತ್ತೊಂದರೊಡನೆ ಹೋಲಿಸಿ ತಿದ್ದಿದರು.

ಮುದ್ರಣಕ್ಕೆಂದು ಮಂಗಳೂರಿಗೆ ಕಳುಹಿದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿದಾಗಲೂ ಅವರು ಎದೆಗುಂದಲಿಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಕೆಲಸ ಸಾಗದೆಂದರಿತು, 1925ರಲ್ಲಿ ಸ್ವಂತ ಮನೆಯನ್ನೇ ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ, ನಾಲ್ವತ್ತಾರರ ವಯಸ್ಸಿನಲ್ಲಿ, 'ಶಿವಾನುಭವ' ಪತ್ರಿಕೆಯನ್ನಾರಂಭಿಸಿ ಸಂಪಾದಕತ್ವದ ಭಾರವನ್ನೂ ಹೊತ್ತರು.

ಅದುವರೆಗೆ ಸುಮಾರು 50 ಮಂದಿ ವಚನಕಾರರಷ್ಟೇ ತಿಳಿದಿದ್ದರು. ಅವರ ಪರಿಶ್ರಮದಿಂದ ಆ ಸಂಖ್ಯೆ 200ನ್ನು ಮೀರಿತು. ಬಡತನ ಬಾಧಿಸಿದರೂ ಕಾಯಕ ನಿಲ್ಲಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತು ಮನ್ನಿಸಿತು. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಇಂದು ಮಲೆನಾಡಿನ ಮಕ್ಕಳು ಶಾಲೆಯಲ್ಲಿ ವಚನಗಳನ್ನು ಹಾಡುವಾಗ, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದ ಆ ವಕೀಲರ ಶ್ರಮದ ಫಲವನ್ನೇ ಉಣ್ಣುತ್ತಿದ್ದಾರೆ.