ಹೆಣ್ಣಿನ ಬಯಕೆಗೂ ಮಾತಿನ ಹಕ್ಕು ಕೇಳಿದ ನಂಜನಗೂಡಿನ ನಾಗರತ್ನಮ್ಮ

ಬೆಂಗಳೂರು ನಾಗರತ್ನಮ್ಮನವರ ಹೆಸರು ಕೇಳಿದೊಡನೆ ಸಂಗೀತಾಸಕ್ತರಿಗೆ ನೆನಪಾಗುವುದು ತಿರುವೈಯಾರಿನ ತ್ಯಾಗರಾಜರ ಸಮಾಧಿ. ಕಾವೇರಿ ತೀರದಲ್ಲಿ ಪಾಳುಬಿದ್ದಿದ್ದ ಆ ತಾಣಕ್ಕೆ ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದ ಮಹಾತಾಯಿ ಅವರು. ಆದರೆ ಅವರ ಬದುಕಿನಲ್ಲಿ ಇನ್ನೊಂದು ಹೋರಾಟವೂ ಇತ್ತು. ಹೆಣ್ಣು ತನ್ನ ದೇಹ ಮತ್ತು ಬಯಕೆಗಳ ಕುರಿತು ತಾನೇ ಏಕೆ ಮಾತನಾಡಬಾರದು ಎಂಬ ಪ್ರಶ್ನೆಯನ್ನು ಅವರು ನೂರು ವರ್ಷಗಳಿಗೂ ಹಿಂದೆಯೇ ಎತ್ತಿದ್ದರು.

ನಾಗರತ್ನಮ್ಮ ಜನಿಸಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ವಕೀಲ ಸುಬ್ಬರಾಯರು ತಾಯಿ-ಮಗಳನ್ನು ಕೈಬಿಟ್ಟರು. ಮೈಸೂರಿನ ವಿದ್ವಾಂಸ ಗಿರಿಭಟ್ಟರ ತಮ್ಮಯ್ಯನವರ ಬಳಿ ಬಾಲಕಿಗೆ ವಿದ್ಯಾಭ್ಯಾಸ ಆರಂಭವಾಯಿತು. ಗುರುವಿನೊಡನೆ ವಿರಸ ಉಂಟಾದಾಗ ತಾಯಿ ಮಗಳೊಡನೆ ಮೈಸೂರನ್ನೇ ತೊರೆದರು. ಮುಂದೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತ ಶಿಕ್ಷಣ ದೊರೆಯಿತು. ಗಾಯನ, ನೃತ್ಯಗಳ ಜೊತೆಗೆ ಕನ್ನಡ, ಸಂಸ್ಕೃತ, ತೆಲುಗು ಭಾಷೆಗಳಲ್ಲಿಯೂ ಪಾಂಡಿತ್ಯ ಒಲಿಯಿತು. ನ್ಯಾಯಾಧೀಶ ನರಹರಿರಾಯರ ಆಶ್ರಯದಲ್ಲಿ ಕೆಲಕಾಲವಿದ್ದ ಅವರು ಬಳಿಕ ಮದರಾಸಿಗೆ ತೆರಳಿ ಅಲ್ಲಿ ಅಪಾರ ಕೀರ್ತಿ, ಸಂಪತ್ತು ಗಳಿಸಿದರು.

ನಿಷೇಧಕ್ಕೊಳಗಾದ ಕಾವ್ಯ

ಮದರಾಸಿನಲ್ಲಿ ಅವರ ಗಮನ ಸೆಳೆದದ್ದು ಒಂದು ತೆಲುಗು ಕಾವ್ಯ. 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಬರೆದ ಆ ಕೃತಿಯ ಹೆಸರು 'ರಾಧಿಕಾ ಸಾಂತ್ವನಮು'. ತಾನು ಸಾಕಿದ ಇಳಾದೇವಿಯನ್ನು ಕೃಷ್ಣನಿಗೆ ವಿವಾಹ ಮಾಡಿಕೊಡುವ ರಾಧೆ, ನವವಧುವಿನೊಡನೆ ಮೃದುವಾಗಿ ವರ್ತಿಸುವಂತೆ ಅವನಿಗೆ ತಿಳಿಹೇಳುತ್ತಾಳೆ. ಆಮೇಲೆ ತಾನೇ ವಿರಹದಿಂದ ಬೆಂದು ಮುನಿಯುತ್ತಾಳೆ. ಕೊನೆಗೆ ಕೃಷ್ಣನೇ ಬಂದು ಆಕೆಯನ್ನು ಸಂತೈಸಬೇಕಾಗುತ್ತದೆ. ಹೆಣ್ಣಿನ ಇಚ್ಛೆ ಮತ್ತು ತೃಪ್ತಿಯೇ ಇಲ್ಲಿ ಕಾವ್ಯದ ಕೇಂದ್ರ.

19ನೇ ಶತಮಾನದ ಮುದ್ರಿತ ಆವೃತ್ತಿಯಲ್ಲಿ ಶೃಂಗಾರದ ಪದ್ಯಗಳಿಗೂ, ಕವಯಿತ್ರಿ ತನ್ನ ತಾಯಿ-ಅಜ್ಜಿಯರ ಪರಂಪರೆಯನ್ನು ಹೇಳಿಕೊಂಡ ಪೀಠಿಕೆಗೂ ಕತ್ತರಿ ಬಿದ್ದಿತ್ತು. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ಕೃತಿಯನ್ನು ಅಶ್ಲೀಲವೆಂದು ಜರೆದಿದ್ದರು. ನಾಗರತ್ನಮ್ಮ ಮೂಲಪ್ರತಿಯನ್ನು ಹುಡುಕಿ ತಂದು, ಸಂಪೂರ್ಣ ಪಾಠವನ್ನು 1910ರಲ್ಲಿ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಿಸಿದರು. ಪುರುಷ ಕವಿಗಳು ಬರೆದಾಗ ಪಾಠ್ಯವಾಗುವ ಶೃಂಗಾರ, ಸ್ತ್ರೀಯೊಬ್ಬಳು ಬರೆದಾಗ ಅಶ್ಲೀಲವಾಗುವುದು ಹೇಗೆ ಎಂದು ಮುನ್ನುಡಿಯಲ್ಲಿ ನೇರವಾಗಿ ಪ್ರಶ್ನಿಸಿದರು. ಇದಕ್ಕೆ ಬ್ರಿಟಿಷ್ ಆಡಳಿತ ನೀಡಿದ ಉತ್ತರ ಪೊಲೀಸ್ ದಾಳಿ. ಪ್ರತಿಗಳು ಮುಟ್ಟುಗೋಲಾದವು. ಪಂಡಿತರ ಮನವಿಗಳೂ ಫಲಿಸಲಿಲ್ಲ. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಯತ್ನದಿಂದ.

ಅದೇ ಕಾಲಘಟ್ಟದಲ್ಲಿ, 1920ರ ದಶಕದಲ್ಲಿ, ಅಮೆರಿಕದ ಕಪ್ಪು ಗಾಯಕಿಯರಾದ ಮಾ ರೇನಿ ಮತ್ತು ಬೆಸ್ಸಿ ಸ್ಮಿತ್ ತಮ್ಮ ಬ್ಲೂಸ್ ಹಾಡುಗಳಲ್ಲಿ ಪ್ರೇಮ, ಕಾಮ, ಪರಪುರುಷನ ವಂಚನೆ, ಹೊಡೆತ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹಾಡುತ್ತಿದ್ದರು. ಎರಡೂ ಕಡೆ ಸಭ್ಯ ಸಮಾಜ ಕಲೆಗೆ ಕಿವಿಗೊಟ್ಟಿತು, ಕಲಾವಿದೆಗೆ ಮಾತ್ರ ಮರ್ಯಾದೆ ಕೊಡಲು ಹಿಂಜರಿಯಿತು.

ಸುಧಾರಣೆಯ ಇಕ್ಕಟ್ಟು

1920ರ ದಶಕದ ಕೊನೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ರದ್ದತಿಗೆ ಮುಂದಾದರು. ಅವರ ತಾಯಿಯೂ ಅದೇ ಸಮುದಾಯದವರು. ಎಳೆಯ ಬಾಲಕಿಯರನ್ನು ಅವರ ಒಪ್ಪಿಗೆಯೇ ಇಲ್ಲದೆ ಅರ್ಪಿಸುವುದನ್ನು ವೈದ್ಯೆಯಾದ ಅವರು ಸಹಿಸಲಾರದಾದರು. ದೇವದಾಸಿಯರ ಸಂಘದ ಮುಂಚೂಣಿಯಲ್ಲಿದ್ದ ನಾಗರತ್ನಮ್ಮ ಇದನ್ನು ವಿರೋಧಿಸಿದರು. ತಮ್ಮ ಕಲೆ, ಆಸ್ತಿ, ಸ್ವಾತಂತ್ರ್ಯಗಳನ್ನು ಕಸಿದುಕೊಂಡು ಇಡೀ ಸಮುದಾಯಕ್ಕೆ ಕಳಂಕ ಹಚ್ಚಲಾಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು.

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ವಿದ್ಯೆ ಮತ್ತು ಸಂಪತ್ತು ಇದ್ದ ನಾಗರತ್ನಮ್ಮನವರಿಗೆ ತಮ್ಮ ಸಂಬಂಧಗಳ ಕುರಿತು ತಾವೇ ನಿರ್ಧರಿಸುವ ಶಕ್ತಿಯಿತ್ತು. ಆದರೆ ಮಾನ್ವಿ, ದೇವದುರ್ಗ ಸೇರಿದಂತೆ ರಾಯಚೂರು ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ಬಡ ದಲಿತ ಬಾಲಕಿಯರಿಗೆ ಅಂಥ ಆಯ್ಕೆ ಇರಲಿಲ್ಲ. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪಿಸಿದ ಮೇಲೂ ಪದ್ಧತಿ ಗುಟ್ಟಾಗಿ ಮುಂದುವರಿಯಿತು. ಎಚ್‌ಐವಿ ಹರಡಿದಾಗ ಉತ್ತರ ಕರ್ನಾಟಕದ ಈ ಮಹಿಳೆಯರೇ ಅದಕ್ಕೆ ಹೆಚ್ಚು ಬಲಿಯಾದರು. ಜೊತೆಗಿರುವ ಗಂಡಸಿಗೆ ಬೇಡ ಎನ್ನಲು, ಕಾಂಡೋಮ್ ಬಳಸೆನ್ನಲು ಆಗದವಳ ಆರೋಗ್ಯ ಅವಳ ಕೈಯಲ್ಲಿರುವುದಿಲ್ಲ. ಬಯಕೆಯನ್ನು ಹೇಳುವ ಹಕ್ಕು ಮತ್ತು ನಿರಾಕರಿಸುವ ಹಕ್ಕು ಬೇರೆಬೇರೆಯಲ್ಲ ಎಂಬುದನ್ನು ಈ ಎರಡು ಬದುಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅರಿಯಬಹುದು.

ತಿರುವೈಯಾರಿನ ದಿನಗಳು

ತ್ಯಾಗರಾಜರ ಗುಡಿಗೆ 1925ರಲ್ಲಿ ಕುಂಭಾಭಿಷೇಕ ನೆರವೇರಿತು. ಆದರೆ ಆರಾಧನೆಯಲ್ಲಿ ಹಾಡಲು ಸ್ತ್ರೀಯರಿಗೆ ಅವಕಾಶವಿರಲಿಲ್ಲ. ನಾಗರತ್ನಮ್ಮ ಮಹಿಳೆಯರದೇ ಪ್ರತ್ಯೇಕ ಆರಾಧನೆ ಆರಂಭಿಸಿದರು. 1940ರ ಹೊತ್ತಿಗೆ ಬಣಗಳು ಒಂದಾದವು, ಗಾಯಕಿಯರಿಗೂ ವೇದಿಕೆ ತೆರೆಯಿತು.

1952ರ ಮೇ 19ರಂದು ನಾಗರತ್ನಮ್ಮ ನಿಧನರಾದರು. ತ್ಯಾಗರಾಜರ ಸನ್ನಿಧಿಗೆ ಎದುರಾಗಿ ಅವರ ಸಮಾಧಿಯೂ ಪ್ರತಿಮೆಯೂ ಇವೆ. ಅದೇ ವರ್ಷ 'ರಾಧಿಕಾ ಸಾಂತ್ವನಮು' ಅವರ ಮುನ್ನುಡಿಯೊಂದಿಗೆ ಮತ್ತೆ ಅಚ್ಚಾಗಿ ಓದುಗರ ಕೈಸೇರಿತು.